ಗುಲಾಮ್ ಹುಸೇನನ ಗಂಟೆ

ಆಲದ ಕಟ್ಟೆ ದಾಟುವಾಗ ಇಸಾಕ್ ಓಡಲಿಲ್ಲ. ಓಡಿದರೆ ಹಿಂದಿರುವುದೂ ಓಡಿ ಬಂದೀತು ಎಂಬ ಭಯ. ಹಿಂದೆ ಏನೂ ಕಾಣಲಿಲ್ಲ. ಅವನ ಚಪ್ಪಲಿಯ ಚರಪರ... ಒಣಗಿದ ಎಲೆಯೊಂದು ಉದುರಿದ ಸದ್ದು... ಆಮೇಲೆ ನನ್ನ ಮನೆಯ ಚಿಲಕ. ಒಂಬತ್ತೂ ಮುಕ್ಕಾಲು. ಗಡಿಯಾರ ನೋಡಿಯೇ ನಾನು ಬಾಗಿಲು ತೆರೆದದ್ದು.

ಇದು ೧೯೭೯ರ ಮಾರ್ಚ್ ತಿಂಗಳ ಮಾತು. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಇಸಾಕ್ ಪಕ್ಕದ ಮನೆಯವನು, ಹಿನ್ನೀರಿನ ಲಾಂಚಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ನಡುವೆ ಒಂದೇ ಗೋಡೆ. ಈ ಕಡೆ ನಾನೊಬ್ಬ, ಆ ಕಡೆ ಅವನೊಬ್ಬ. ನನ್ನ ಕಿವಿಗೆ ಬಿದ್ದದ್ದು, ನನ್ನ ಕಣ್ಣಿಗೆ ಕಂಡದ್ದು, ಇಷ್ಟನ್ನೇ ಹೇಳುತ್ತೇನೆ.

"ಸಾರ್, ಆ ಗಂಟೆ ಎಲ್ಲಿದೆ?" ಪಿಸುಮಾತು.

"ಟ್ರಂಕಿನಲ್ಲಿ. ಬೀಗ ಹಾಕಿದೆ. ಯಾಕೆ?"

"ಒಳಗೇ ಇದೆಯಾ?"

"ಕೂತ್ಕೋ ಇಸಾಕ್. ಮೊದಲಿನಿಂದ ಹೇಳು."

ಅವನು ಕೂರಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

ಆ ಗಂಟೆಯ ವಿಷಯ ಮೊದಲು ಹೇಳಬೇಕು. ಲಾಂಚಿನಲ್ಲಿ ಇಬ್ಬರು. ಮೇಲೆ ಚುಕ್ಕಾಣಿ ಹಿಡಿದು ಡ್ರೈವರ್ ಗುಲಾಮ್ ಹುಸೇನ್. ಕೆಳಗೆ ಎಂಜಿನ್ ಗುಂಡಿಯಲ್ಲಿ ಇಸಾಕ್. ಕೆಳಗಿರುವವನಿಗೆ ನೀರೂ ಕಾಣುವುದಿಲ್ಲ, ದಡವೂ ಕಾಣುವುದಿಲ್ಲ. ಅವನ ತಲೆಯ ಮೇಲೆ ಕೊಕ್ಕೆಯಲ್ಲಿ ಒಂದು ಹಿತ್ತಾಳೆ ಗಂಟೆ. ಅದರ ಹಗ್ಗ ಮೇಲಿನವನ ಕೈಯಲ್ಲಿ. ಒಂದು ಏಟು ಬಿದ್ದರೆ ಮುಂದೆ. ಎರಡು ಬಿದ್ದರೆ ನಿಲ್ಲಿಸು. ಮೂರು ಬಿದ್ದರೆ ಹಿಂದೆ. ಹನ್ನೊಂದು ವರ್ಷ ಆ ಇಬ್ಬರ ನಡುವೆ ಹಗಲಿಡೀ ನಡೆದ ಮಾತು ಇಷ್ಟೇ. ಇನ್ನೊಂದು ಇತ್ತು. ನಡುನೀರಿನಲ್ಲಿ ಬೇಜಾರಾದಾಗ ಗುಲಾಮ್ ಹುಸೇನ್ ಹಗ್ಗವನ್ನು ಮೆಲ್ಲಗೆ ಎಳೆಯುತ್ತಿದ್ದ. ಟಿಣ್... ಇದ್ದೀಯಾ? ಇಸಾಕ್ ಸ್ಪ್ಯಾನರಿನಿಂದ ಪೈಪಿಗೆ ಒಂದು ಕುಟ್ಟುತ್ತಿದ್ದ. ಠಕ್. ಇದ್ದೀನಿ.

ಜನವರಿಯ ಕೊನೆ. ನೀರು ಇಳಿಯುತ್ತ ಬಂದು, ಮುಳುಗಿದ ಕಾಡಿನ ಬೊಡ್ಡೆಗಳು ತಲೆಯೆತ್ತುವ ಹೊತ್ತು. ಕೊನೆಯ ಟ್ರಿಪ್ ಮುಗಿಸಿ ಖಾಲಿ ಲಾಂಚ್ ಮುಸ್ಸಂಜೆಯಲ್ಲಿ ವಾಪಸು ಬರುತ್ತಿತ್ತು. ಇಬ್ಬರೇ ಇದ್ದರು. ಲಾಂಚ್ ಬೊಡ್ಡೆಗೆ ಬಡಿಯಿತು. ಗುಲಾಮ್ ಹುಸೇನ್ ನೀರಿಗೆ ಎಸೆಯಲ್ಪಟ್ಟ. ಮೂರನೆಯ ದಿನ ಹೆಣ ಸಿಕ್ಕಿತು. ಪ್ರೊಪೆಲರ್ ಶಾಫ್ಟ್ ಬಾಗಿತು, ಹಳೆಯ ಎಂಜಿನ್ ಜಾಮ್ ಆಗಿ ಬ್ಲಾಕ್ ಸೀಳಿತು.

ಪೊಲೀಸರು ಪಂಚನಾಮೆ ಬರೆದುಕೊಂಡು ಹೋದರು. ಊರಿಗೆ ಮಾತ್ರ ಕಾರಣ ಬೇಕಿತ್ತು. ಲಾಂಚಿನ ಯಜಮಾನ ಜಯದೇವಪ್ಪನವರೂ ಮಸೀದಿಯ ಹಿರಿಯರೂ ಸೇರಿ, ಯಾರ ಮುಲಾಜಿಗೂ ಬೀಳದ ಮನುಷ್ಯ ಎಂದು ನನ್ನನ್ನು ವಿಚಾರಣೆಗೆ ಕೂರಿಸಿದರು. ಗಂಟೆ ಬಾರಿಸಿ ನೋಡಿದೆ. ಸರಿಯಿತ್ತು. ಹಗ್ಗ ಎಳೆದು ನೋಡಿದೆ. ಸರಿಯಿತ್ತು. "ಗಂಟೆ ಬಾರಿಸಲಿಲ್ಲ ಸಾರ್" ಎಂದ ಇಸಾಕ್. ಸರಿಯಿದ್ದ ಗಂಟೆ, ಆದರೆ ಬಾರಿಸಿಲ್ಲ. ಹಾಗಾದರೆ ಡ್ರೈವರಿಗೆ ನಿದ್ದೆ ಹತ್ತಿರಬೇಕು. ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಗುಲಾಮ್ ಹುಸೇನನ ಹೆಂಡತಿ ಶಾಕಿರಾ ಬಾಗಿಲ ಮರೆಯಿಂದ ಅಂದಳು: "ಅವ್ರಿಗೆ ಹಾಸಿಗೆ ಮೇಲೇ ನಿದ್ದೆ ಬರ್ತಿರ್ಲಿಲ್ಲ ಮೇಷ್ಟ್ರೇ. ನೀರಿನ ಮೇಲೆ ಬಂತಾ?"

ನಾನು ಕಾಗದ ಮಡಿಸಿದೆ. ಅದು ಸಾಕ್ಷ್ಯವಾಗಿರಲಿಲ್ಲ. ಅಂದಿನಿಂದ ಊರಿನ ಬಾಯಲ್ಲಿ ಅವಳು 'ನಿದ್ದೆಗುಲಾಮನ ಹೆಂಡ್ತಿ' ಆದಳು. ನಲ್ಲಿಯ ಹತ್ತಿರ ಅವಳ ಪಕ್ಕ ಕೊಡ ಇಡುವವರಿರಲಿಲ್ಲ.

ಗಂಟೆಯನ್ನು ಸಾಕ್ಷಿಯ ವಸ್ತುವೆಂದು ನಾನೇ ಇಟ್ಟುಕೊಂಡೆ. ಅಲ್ಲಾಡಿ ಸದ್ದಾಗದಂತೆ, ಅದರ ನಾಲಗೆಗೆ ಒಗೆದ ಬಿಳಿ ಬಟ್ಟೆ ಸುತ್ತಿ ಎರಡು ಗಂಟು ಬಿಗಿದು ಟ್ರಂಕಿಗೆ ಹಾಕಿದೆ.

ಮಂಗಳೂರಿನ ಬಂದರಿನಿಂದ ಬೇರೊಂದು ಡೀಸೆಲ್ ಎಂಜಿನ್ ಬಂತು, ಶೃಂಗೇರಿ ಕೊಪ್ಪದ ಮೇಲೆ, ಸಣ್ಣ ಲಾರಿಯಲ್ಲಿ. ಅದೂ ಓಡಿ ಸವೆದದ್ದೇ. ಇಸಾಕ್ ಪೂರ್ತಿ ಬಿಚ್ಚಿದ. ಬೇರಿಂಗ್ ಹೊಸದು, ರಿಂಗ್ ಹೊಸದು. ಎಂಜಿನ್ ಕೂರುವ ಹಳೆಯ ಅಡಿಮರ ಕಿತ್ತು ಹೊಸ ಮರ ಕೂರಿಸಿದ. ಎಂಜಿನ್ನಿಗೂ ಶಾಫ್ಟಿಗೂ ನಡುವಿನ ಜೋಡಣೆಯಲ್ಲಿ ಕೂದಲೆಳೆಯ ಅಂತರವೂ ಇರಬಾರದು ಎಂದು ಹತ್ತೊಂಬತ್ತು ದಿನ ಸತಾಯಿಸಿದ.

"ಎಂಜಿನ್ ಕೂರಿಸ್ತಿದ್ದೀಯೋ, ಹೆಣ್ಣು ನೋಡ್ತಿದ್ದೀಯೋ ಮಾರಾಯ?" ಎಂದರು ಜಯದೇವಪ್ಪನವರು. "ಸೋಮವಾರ ಲಾಂಚ್ ಓಡ್ಬೇಕು. ಅಷ್ಟೇ."

ಅವನು ನಗಲಿಲ್ಲವಂತೆ.

ಕೆಲಸ ಮುಗಿದದ್ದು ಅವನು ನನ್ನ ಚಿಲಕ ಬಡಿದ ಆ ಭಾನುವಾರವೇ, ಕತ್ತಲಾದ ಮೇಲೆ. ಲಾಂಚನ್ನು ದಡಕ್ಕೆ ಕಟ್ಟಿದಲ್ಲೇ ಗೇರ್ ಹಾಕಿ ಓಡಿಸಿ ನೋಡುವುದು ಪದ್ಧತಿ. ಹ್ಯಾಂಡಲ್ ತಿರುಗಿಸಿದ. ಡುಗ್... ಡುಗ್... ಡುಗುಡುಗುಡುಗು. ಒಂದೇ ಸಮ. ಲಾಟೀನಿನ ಬೆಳಕಲ್ಲಿ ಎಣ್ಣೆಯ ಒತ್ತಡ ನೋಡುತ್ತ ಕೂತ. ಹತ್ತು ನಿಮಿಷ ಆಗಿರಬಹುದು.

ಟಿಣ್.

ಮೆಲ್ಲಗೆ... ತಲೆಯ ಮೇಲೆಯೇ.

ಕೈ ತಾನಾಗಿ ಎದ್ದು ಪೈಪಿಗೆ ಕುಟ್ಟಿತು. ಠಕ್.

ಕುಟ್ಟಿದ ಮೇಲೆ ನೆನಪಾಯಿತು. ತಲೆಯೆತ್ತಿ ನೋಡಿದ. ಕೊಕ್ಕೆ ಖಾಲಿ. ಬರೀ ಹಗ್ಗದ ತುದಿ... ಅಲ್ಲಾಡುತ್ತಿತ್ತು.

ಟಣ್! ಟಣ್!

"ಈ ಸಲ ನಿಲ್ಲಿಸ್ಬಿಟ್ಟೆ ಸಾರ್," ಎಂದ.

ಎಂಜಿನ್ ನಿಂತಾಗ ಕಿವಿಗೆ ಬಿದ್ದದ್ದು ನೀರು. ಎರಡೂ ಪಕ್ಕ ಚಳಕ್... ಚಳಕ್... ದಡದ ಹತ್ತಿರ ನೀರು ಹಾಗೆ ಸದ್ದು ಮಾಡುವುದಿಲ್ಲ. ಮೇಲೆ ಹತ್ತಿ ಬಂದ. ಕಟ್ಟಿದ ಹಗ್ಗ ಯಾವಾಗಲೋ ಜಾರಿತ್ತು. ಲಾಂಚ್ ನಡುನೀರಿನಲ್ಲಿತ್ತು. ಮೂತಿಯಿಂದ ಒಂದು ಮೊಳ ದೂರದಲ್ಲಿ ಅದೇ ಬೊಡ್ಡೆ. ಚುಕ್ಕಾಣಿಯ ಹತ್ತಿರ ಯಾರೂ ಇಲ್ಲ.

ಲಾಂಚನ್ನು ದಡಕ್ಕೆ ತಂದು ಕಟ್ಟಿ ನೇರ ಇಲ್ಲಿಗೆ ಬಂದೆ ಎಂದ. ಅಲ್ಲಿಗೆ ಮಾತು ನಿಲ್ಲಿಸಿದ. ನಾನು ಮೇಷ್ಟ್ರು, ಹುಡುಗರ ಉತ್ತರದಲ್ಲಿ ಬಿಟ್ಟುಹೋದ ಸಾಲು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.

"'ಈ ಸಲ' ಅಂದ್ಯಲ್ಲ. ಹೋದ ಸಲ ಏನಾಯ್ತು?"

ಹೆಬ್ಬೆರಳಿನಿಂದ ಸ್ಪ್ಯಾನರಿನ ಎಣ್ಣೆ ಒರೆಸಿದ.

"ಹೋದ ಸಲವೂ ಎರಡು ಬಿತ್ತು ಸಾರ್. ಸರಿಯಾಗಿ ಕೇಳಿಸ್ತು." ಸ್ಪ್ಯಾನರನ್ನು ನೆಲಕ್ಕಿಟ್ಟ. "ಹಳೇ ಎಂಜಿನ್... ಬಿಸಿಯಲ್ಲಿ ನಿಲ್ಲಿಸಿದ್ರೆ ಎರಡು ತಾಸು ಏಳ್ತಿರ್ಲಿಲ್ಲ. ಯಾರದೋ ಬಲೆ ಅಡ್ಡ ಬಂದಿರ್ಬೇಕು, ಹ್ಯಾಗೋ ಸುತ್ತಿ ಹೋಗ್ತಾನೆ ಅಂದ್ಕೊಂಡೆ. ನಿಲ್ಲಿಸ್ಲಿಲ್ಲ. ಮತ್ತೆ ಎರಡು ಬಿತ್ತು. ಆಮೇಲೆ..."

"ನನ್ನ ಮುಂದೆ ಯಾಕೆ ಸುಳ್ಳು ಹೇಳಿದೆ?"

"ನೀವು ಕೇಳಿದ್ದು ಒಂದೇ ಪ್ರಶ್ನೆ ಸಾರ್. ಬಾರಿಸಿದನಾ ಇಲ್ವಾ ಅಂತ. ಇಲ್ಲ ಅಂದೆ. ನೀವು ಬರ್ಕೊಂಡ್ರಿ."

ಮೊದಲು ಬರೆದ ಕಾಗದವನ್ನು ನಾನು ಹರಿಯಲಿಲ್ಲ. ತಪ್ಪಾದ ಕಾಗದ ತಪ್ಪಾಗಿಯೇ ಉಳಿಯಬೇಕು. ಅದರ ಕೆಳಗೆ, ಈ ಸಲ ಕನ್ನಡದಲ್ಲಿ, ನಡೆದದ್ದನ್ನು ಬರೆದೆ. ಇಸಾಕ್ ರುಜು ಹಾಕಿದ. ವಿಚಾರಣೆ ಮಾಡಿದವನ ತಪ್ಪು ಎಂದು ಇನ್ನೊಂದು ಸಾಲು ಸೇರಿಸಿ ನಾನೂ ಹಾಕಿದೆ.

ಬೆಳಿಗ್ಗೆ ನಲ್ಲಿ ಬಿಡುವ ಹೊತ್ತಿಗೇ ಹೋದೆವು. ಎಲ್ಲರೂ ಕೊಡ ಹಿಡಿದು ನಿಂತಿದ್ದರು. ಅವರೆಲ್ಲರ ಮುಂದೆ, ಶಾಕಿರಾಳಿಗೆ ಕೇಳುವ ಹಾಗೆ, ಪೂರ್ತಿ ಓದಿದೆ. ಇಸಾಕ್ ತಲೆ ತಗ್ಗಿಸಿ ಪಕ್ಕದಲ್ಲೇ ನಿಂತಿದ್ದ. ಅವಳು ಅಳಲಿಲ್ಲ, ಬಯ್ಯಲಿಲ್ಲ.

"ಎಷ್ಟು ಸಲ ಬಾರಿಸಿದ್ರು ಅಂತೀರಿ?"

"ಎರಡೆರಡರಂತೆ ಎರಡು ಸಲ ಶಾಕಿರಾ."

"ಸರಿಯಾಗೇ ಬಾರಿಸಿದ್ದಾರೆ," ಎಂದು ತುಂಬಿದ ಕೊಡ ಎತ್ತಿಕೊಂಡು ಮನೆಯ ಕಡೆ ಹೋದಳು.

ಗಂಟೆಯನ್ನು ಲಾಂಚಿಗೆ ಹಿಂದಿರುಗಿಸಬೇಕಿತ್ತು. ಮನೆಗೆ ಬಂದು ಟ್ರಂಕಿನ ಬೀಗ ತೆಗೆದೆ. ಬೀಗದ ಕೈ ಎರಡು ತಿಂಗಳಿಂದ ನನ್ನ ಜೇಬು ಬಿಟ್ಟು ಹೋಗಿರಲಿಲ್ಲ. ಗಂಟೆ ಇಟ್ಟಲ್ಲೇ ಇತ್ತು. ನಾನು ಹಾಕಿದ ಎರಡು ಗಂಟು ಹಾಗೇ ಇದ್ದವು, ಉಗುರಿನಿಂದ ಬಿಡಿಸಬೇಕಾಯಿತು.

ನಾಲಗೆಗೆ ಸುತ್ತಿದ ಬಿಳಿ ಬಟ್ಟೆಯ ಮೇಲೆ ಹಿತ್ತಾಳೆ ಬಡಿದ ಗುರುತು. ಹಳದಿ, ಹೊಸದು. ಒಂದು ಮಸುಕಾಗಿತ್ತು, ಮುಟ್ಟಿಯೂ ಮುಟ್ಟದ ಹಾಗೆ. ಇನ್ನೆರಡು ಗಾಢವಾಗಿದ್ದವು. ಅವೆರಡರ ನಡುವೆ ಅರ್ಧ ಇಂಚು. ಸ್ಕೇಲ್ ಇಟ್ಟು ಅಳೆದಿದ್ದೇನೆ. ಆ ಬಟ್ಟೆ ನನ್ನ ಹತ್ತಿರ ಈಗಲೂ ಇದೆ.