ಚಿಕ್ಕಮುನಿಯಪ್ಪನ ರಷ್ಯನ್ ಪಾಂಡಿತ್ಯ

...ನಗಬ್ಯಾಡ ಕದಿರಮ್ಮ. ನಗೋದೇ ಆದ್ರೆ ಆ ಜರಡಿ ಕೆಳಗಿಟ್ಟು ನಗು, ರಾಗಿ ಇಟ್ಟೆಲ್ಲಾ ನನ್ನ ಮೀಸೆ ಮೇಲೆ ಕೂತ್ಕೊಂತಾ ಐತೆ. ಏನಂದೆ? ಸುಳ್ಳಾ? ನಾನು ಯಾವತ್ತಮ್ಮ ಸುಳ್ಳು ಏಳಿದ್ದೀನಿ... ಆಯ್ತು, ಮೇಲಿಂದ ಜಾರಿದ ಬಂಡೇನ ತಲೆ ಮೇಲೆ ಒತ್ಕೊಂಡೇ ಒಂದು ಮುದ್ದೆ ಉಂಡೆ ಅಂದಿದ್ದು ಸುಳ್ಳು ಅಂತಾನೇ ಇಟ್ಕೋ. ಅರ್ಧ ಮುದ್ದೆ. ಇದು ಮಾತ್ರ ಸತ್ಯ. ಊರಿಗಾಂ ಕೂಲಿ ಲೈನಿನ ಚಿಕ್ಕಮುನಿಯಪ್ಪ, ನಿಮ್ಮಮ್ಮನ ಒಡಹುಟ್ಟಿದ ತಮ್ಮ, ಚಿನ್ನದ ಗಣಿಯೊಳಗೆ ಮರದ ಕಂಬ ನಿಲ್ಲಿಸೋನು, ಈಗ ರಷ್ಯನ್ ಓದ್ತಾನೆ. ನೀನು ಬಂಗಾರಪೇಟೆ ಇಸ್ಕೂಲಲ್ಲಿ ಒಂದನೇ ಕ್ಲಾಸಿನ ಟೀಚರಮ್ಮ. ನಿನಗೆ ಬತ್ತದಾ ರಷ್ಯನ್ನು? ಬರಲ್ಲ. ಅಂಗಾದ್ರೆ ಮಾಮನ ಮುಂದೆ ಕೈ ಕಟ್ಕೊಂಡು ಕೂತ್ಕೋ.

ಯಾಕೆ ರಷ್ಯನ್ನು ಅಂತೀಯಾ? ಏಳ್ತೀನಿ ಕೇಳು. ಓದ ತಿಂಗಳು ಗಣಿಗಿಳಿಯೋ ನಮ್ಮ ಶಾಫ್ಟಿನ ಅತ್ರ ಒಂದು ಮಿಷಿನ್ನು ಬಂದಿಳೀತು. ರಷ್ಯಾದಿಂದ. ಪೆಟ್ಟಿಗೆಗಳ ಮೇಲೆಲ್ಲಾ ಕಪ್ಪು ಬಣ್ಣದಲ್ಲಿ ಅವರ ಅಕ್ಷರ. ನಮ್ಮ ಫೋರ್‌ಮನ್ನು ಕನ್ನಡಕ ಆಕ್ಕೊಂಡು ನೋಡ್ದ, ತೆಗೆದು ನೋಡ್ದ, ಕೊನೆಗೆ ಪೆಟ್ಟಿಗೇನೇ ತಲೆಕೆಳಗು ಮಾಡಿಸಿ ನೋಡ್ದ. ಊಹೂಂ. ಆಮೇಲೆ ಆದಿನಾರಾಯಣ ಅಂತ ಒಬ್ಬ ಮೇಷ್ಟ್ರು ಬಂದ್ರು. ದಿಲ್ಲೀಲಿ ರಷ್ಯನ್ ಕಲಿತವರು. ಶಿಫ್ಟು ಮುಗಿದ ಮೇಲೆ ಯೂನಿಯನ್ ಆಫೀಸಲ್ಲಿ ಪಾಠ. ಯಾರಿಗೆ ಆ ಅಕ್ಷರ ಬತ್ತದೋ ಅವರಿಗೆ ಮಿಷಿನ್ನಿನ ಕೆಲಸ. ಮೇಲಿನ ಕೆಲಸ ಕಣಮ್ಮ. ಬಿಸಿಲು ಗಾಳೀಲಿ ನಿಂತು ಮಾಡೋದು.

ನಂಗೇನು, ನಾನು ಒಳಗೇ ರಾಜ. ಮೇಲಕ್ಕೆ ಬರೋದು ನಿಮ್ಮತ್ತೆಗೋಸ್ಕರ. ಓದ ಸಲ ಕೆಳಗೆ ಬಂಡೆ ಸಿಡೀತಲ್ಲ, ಆವತ್ತಿಂದ ನಾನು ಮನೆ ಒಸ್ತಿಲು ತುಳಿಯೋವರ್ಗೂ ಅವಳು ಒಲೆ ಅಂಟಿಸಲ್ಲ. ನಾನು ಬಂದು ನಿಂತ ಮೇಲೇ ಎಸರಿಡೋದು. ಇಂಗೇ ಆದ್ರೆ ಬಂಡೆ ಬೀಳೋಕೆ ಮುಂಚೆ ಅಸಿವಿಗೇ ಓಯ್ತೀನಿ ನಾನು. ಕೆಮ್ಮಾ? ಅದೇನಿಲ್ಲ. ಅದು ನಾನು ಬತ್ತಿದ್ದೀನಿ ಅಂತ ಬೀದಿಗೆ ಮೊದಲೇ ಏಳೋ ಕೆಮ್ಮು. ದೊಡ್ಡವರು ಕಾರಿಗೆ ಆರನ್ ಇಟ್ಕೊಂಡಂಗೆ.

ಆ ಮೊರ ಇತ್ತ ತಳ್ಳು. ಇಟ್ಟನ್ನ ಚೂರು ಅರಡು. ನೋಡು, ಈ ಕಡೆ ಒಂದು ಕಂಬ, ಆ ಕಡೆ ಒಂದು ಕಂಬ, ಮೇಲೊಂದು ಅಡ್ಡದಿಮ್ಮಿ. ಏನಿದು? ಬಾಗಿಲಲ್ಲ ಕಣೆ. ಇದು ರಷ್ಯನ್ 'ಪ'. ಬೆಳಗಾದ್ರೆ ನಾನು ಸುರಂಗದಾಗೆ ನಿಲ್ಲಿಸೋದೇ ಇದನ್ನ. ರಷ್ಯದವರು ನನ್ನ ಕೇಳದೇ ಎತ್ಕೊಂಡವ್ರೆ, ಓಗ್ಲಿ ಬಿಡು, ದೂರದ ಜನ. ಈಗ ಬಲಗಡೆ ಕಂಬ ಮುರಿದು ಬಿತ್ತು ಅನ್ಕೋ, 'ಗ' ಆಯ್ತು. ನಡುವೆ ಒಂದೇ ಕಂಬ ಕೊಟ್ರೆ 'ತ'. ಮೂರು ಕಂಬ ನಿಲ್ಲಿಸಿ ಕೆಳಗೆ ಅಲಗೆ ಆಸಿದ್ರೆ 'ಶ'. ಇನ್ನೊಂದು ಐತೆ, ಇದು ಸ್ವಲ್ಪ ಮುರುಕು... ಇಂಗೆ, ಇಂಗೆ, ನಡುವೆ ಒಂದು. ಗೋಡೆ ಮೇಲಿನ ಜಿರಲೇನ ಚಪ್ಪಲೀಲಿ ಬಡಿದಂಗೆ ಐತಲ್ಲ? ಇದರ ಸದ್ದು ಝ್ಝ್ಝ. ಬಂಡೆಗೆ ಡ್ರಿಲ್ಲು ಇಟ್ರೆ ಬತ್ತದಲ್ಲ, ಅದೇ.

ಕಣ್ಣು ಅಗಲ ಆಯ್ತು ನೋಡು ಟೀಚರಮ್ಮಂಗೆ. ಮೇಷ್ಟ್ರಂತೂ ನನ್ನ ಬಿಟ್ಟು ಪಾಠಾನೇ ಮುಂದಕ್ಕೆ ತಗೊಂಡೋಗಲ್ಲ. "ಚಿಕ್ಕಮುನಿಯಪ್ಪ, ನೀವು ಓದ ಜನ್ಮದಾಗೆ ರಷ್ಯದಾಗೆ ಉಟ್ಟಿದ್ರಾ" ಅಂದ್ರು. ಇಲ್ಲ ಸಾರ್, ಚಳಿ ನಂಗೆ ಆಗಲ್ಲ ಅಂದೆ.

ಬಂದ ವಿಷ್ಯಾನಾ? ಸುಮ್ನೆ ಅಕ್ಕನ ಮಗಳನ್ನ ನೋಡೋಣ ಅಂತ ಬರಬಾರದಾ? ...ಸರಿ, ಏಳ್ತೀನಿ. ನಾಳೆ ಪರೀಕ್ಷೆ. ಮೇಷ್ಟ್ರು ಬೋರ್ಡಲ್ಲಿ ರಷ್ಯನ್ ಅಕ್ಷರ ಬರೀತಾರೆ. ನಾವು ಒಬ್ಬೊಬ್ಬರೇ ಎದ್ದು ಓಗಿ, ಅದೇ ಸದ್ದಿನ ಅಕ್ಷರಾನ ಪಕ್ಕದಾಗೆ ನಮ್ಮ ನಮ್ಮ ಭಾಷೇಲಿ ಬರೀಬೇಕು. ತಮಿಳರು ತಮಿಳಲ್ಲಿ, ತೆಲುಗಿನವರು ತೆಲುಗಲ್ಲಿ, ನಾನು ಕನ್ನಡದಲ್ಲಿ. ಅದಕ್ಕೇ ಬೆಳಗಿನ ರೈಲು ಅತ್ತಿ ಬಂದೆ. ನೀನು ಆ ಕನ್ನಡ ಅಕ್ಷರಗಳನ್ನ ಇಲ್ಲೇ ಇಟ್ಟಿನ ಮೇಲೆ ಒಂದ್ಸಲ ಬರೆದು ತೋರಿಸ್ಬಿಡು. ಅಷ್ಟೇ. ನಿನ್ನ ಕೈಬರಹ ದುಂಡಗೆ ಚೆಂದ. ನನ್ನದು ಬಂಡಿ ಓದ ದಾರಿ ಇದ್ದಂಗೆ.

ನಾನೇ ಬರೀಬೇಕಾ? ನೀನು ತಿದ್ದುತೀಯಾ? ತಿದ್ದೋಕೆ ನಾನೇನು ನಿನ್ನ ಒಂದನೇ ಕ್ಲಾಸಾ. ಕನ್ನಡಕ ಮನೇಲೇ ಬಿಟ್ಟು ಬಂದೆ ಕಣಮ್ಮ. ಯಾವ ಕನ್ನಡಕಾನಾ? ನೀನು ನೋಡಿಲ್ಲ. ನೀನಿಲ್ಲದಾಗ ಆಕ್ಕೊಂತೀನಿ. ಮತ್ತೆ ಬೆರಳಿಗೆ ಮರದ ಸಿಬಿರು ಬ್ಯಾರೆ ಓಗೈತೆ, ಮಡಿಸೋಕೆ ಆಗಲ್ಲ... ಈಗ್ತಾನೆ ಇದೇ ಬೆರಳಲ್ಲಿ ಜಿರಲೆ ಬರೆದೆ, ನಿಜ. ರಷ್ಯದ್ದು ಎಲ್ಲಾ ನೆಟ್ಟಗಿನ ಕೆಲಸ, ಕೊಡಲಿ ಏಟು. ಕನ್ನಡಕ್ಕೆ ಬೆರಳು ಸುತ್ತಿಸಬೇಕು.

ಅಯ್ಯೋ, ಒತ್ತಾಯ ಮಾಡಬ್ಯಾಡ. ಬಾ, ನಿನಗೊಂದು ತಮಾಷೆ ಏಳ್ತೀನಿ. ನಮ್ಮ ಲೈನಲ್ಲಿ ಪೇಪರ್ ಓದಿ ಏಳೋ ಅಂತ ಜನ ಪ್ರಾಣ ತಿಂತಾರೆ. ನಾನು ಯಾರ ಕೈಗೂ ಸಿಕ್ಕಲ್ಲ. ಪಕ್ಕದ ಮನೆ ತಮಿಳರು ಪೇಪರ್ ಇಡ್ಕೊಂಡು ಬಂದ್ರೆ, "ಅಣ್ಣಾ, ನಾ ಓದಿದ್ದು ಕನ್ನಡದಾಗೆ" ಅಂತೀನಿ. ಅವರು ಸುಮ್ನೆ ಓಯ್ತಾರೆ. ಕನ್ನಡದವರು ತಂದ್ರೆ, "ನಮ್ಮೂರು ಗಡಿ ಅಲ್ವಾ, ನಂಗೆ ಇಸ್ಕೂಲಲ್ಲಿ ಏಳ್ಕೊಟ್ಟಿದ್ದು ತೆಲುಗು" ಅಂತೀನಿ. ಅವರೂ ನಂಬ್ತಾರೆ. ಮೂರು ಭಾಷೆ ಮಾತಾಡೋನು ಒಂದನ್ನಾದ್ರೂ ಓದಿರ್ತಾನೆ ಅನ್ಕೊಂತಾರಲ್ಲ. ಎಂಗೈತೆ ಮಾಮನ ತಲೆ? ಇಷ್ಟು ವರ್ಷದಾಗೆ ಒಬ್ಬರ ಪೇಪರ್ರೂ ಓದಿಲ್ಲ ನಾನು.

ತೆಲುಗಿನವರು ತಂದ್ರೆ ಅಂತೀಯಾ?

ತೆಲುಗಿನವರು ತಂದ್ರೆ... ಅವರಿಗೆ... ತಮಿಳು ಅಂತೀನಿ.

ನಗು. ಇದು ನಗೋ ಜಾಗ, ಕದಿರಮ್ಮ. ಇಷ್ಟೊತ್ತು ನಗಬ್ಯಾಡ ಅಂದ್ರೂ ನಗ್ತಿದ್ದೆ. ಈಗ ಯಾಕೆ ಜರಡಿ ಕೆಳಗಿಟ್ಟು ನನ್ನೇ ನೋಡ್ತೀಯಾ?

ಅಂಗೆ ನೋಡಬ್ಯಾಡ. ನಿಮ್ಮಮ್ಮ ಥೇಟ್ ಇಂಗೇ ನೋಡೋಳು.

...ಆ ಕ್ಲಾಸಲ್ಲಿ ಮೊದಲ್ನೇ ದಿನ ಏನಾಯ್ತು ಗೊತ್ತಾ. ಚಲಪತಿ ಅಂತ ಒಬ್ಬ ಅವ್ನೆ, ಎಸ್ಸೆಸ್ಸೆಲ್ಸಿ. ಟೈಮ್ ಆಫೀಸಿನ ಗುಮಾಸ್ತ ಒಬ್ಬ. ಮೇಷ್ಟ್ರು ಬೋರ್ಡ್ ಮೇಲೆ ಬರೆದು ತಿರುಗಿ ನಿಂತ್ರು. ಚಲಪತಿ ನನ್ನ ನೋಡ್ದ, ನಾನು ಅವನ ನೋಡ್ದೆ. ಇಬ್ಬರ ಮುಖಾನೂ ಒಂದೇ, ಇಬ್ಬರಿಗೂ ಒಂದಕ್ಷರಾನೂ ಗೊತ್ತಿಲ್ಲ. ಅಂಥ ಜಾಗದಲ್ಲಿ ನಾನು ಯಾವತ್ತೂ ಕೂತೇ ಇರಲಿಲ್ಲ ಕಣಮ್ಮ. ಎಲ್ಲರ ಜೊತೆ, ಒಂದೇ ಬೆಂಚಲ್ಲಿ. ಅಲ್ಲಿ ನಂಗೆ ಸುಳ್ಳು ಬೇಕಾಗ್ಲಿಲ್ಲ. ಅದಕ್ಕೇ ಕಲಿತೆ. ಬೇಗ ಬೇಗ ಕಲಿತೆ. ನಾಳೆ ಅವರು ಕನ್ನಡ ಕೇಳ್ತಾರೆ ಅಂತ ಕನಸಲ್ಲಾದ್ರೂ ಗೊತ್ತಿತ್ತಾ?

ನೀನು ಬೈದ್ರೂ ಸರಿ. ನಿಮ್ಮತ್ತೆಗೆ ಗೊತ್ತಿಲ್ಲ, ಅವಳಿಗೆ ಏಳಬ್ಯಾಡ. ಅವಳು ನಾನು ತೆಲುಗು ಓದಿದೋನು ಅಂತಾನೇ ಮದುವೆ ಆದೋಳು.

ಎಲ್ಲಿಗೆ ಎದ್ದೆ? ಬಾಗಿಲು ಯಾಕಮ್ಮ ಆಕ್ತೀಯ, ನಡು ಮಧ್ಯಾಹ್ನ... ಓ. ಕಿಟಕೀನೂ ಆಕು ಅಂಗಾದ್ರೆ. ಎದುರುಮನೆ ಅಶ್ವತ್ಥಮ್ಮ ಆವಾಗಿಂದ ಇತ್ತ ಕಡೇನೇ ನೋಡ್ತಾ ಕೂತವ್ಳೆ.

ಇಲ್ಲಿ ಕೂತ್ಕೊಂತೀಯಾ? ಪಕ್ಕದಾಗಾ? ಸರಿ. ಇಡ್ಕೋ ನನ್ನ ಬೆರಳು. ಮೆಲ್ಲಗೆ... ಎಲ್ಲಿಂದ ಶುರು, ಮೇಲಿಂದಲಾ ಕೆಳಗಿಂದಲಾ? ಇಂಗಾ? ಇಂಗೆ ಸುತ್ತಿ... ತಾಳು, ತಾಳು, ಓಡಬ್ಯಾಡ.

ಅಶ್ವತ್ಥಮ್ಮ ಬಂದು ಏನ್ ಮಾಡ್ತಿದ್ರಿ ಬಾಗಿಲು ಆಕ್ಕೊಂಡು ಅಂತ ಕೇಳಿದ್ರೆ, ಮಾಮ ನಂಗೆ ರಷ್ಯನ್ ಏಳ್ಕೊಡ್ತಾ ಇತ್ತು ಅನ್ನು.