ಹನ್ನೆರಡು ಕೀಲಿಕೈ

ಪರದೇಶದ ಡೀಮೆನ್ ಎಂಬ ಊರಿನ ಮೆಟ್ರೋ ನಿಲ್ದಾಣದ ಬೆಂಚಿನ ಮೇಲೆ ಆ ಬೆಳಿಗ್ಗೆ ಒಂದು ಗಹನವಾದ ವಿಚಾರಣೆ ನಡೆದಿತ್ತು: ಹನ್ನೆರಡು ಮಂದಿ ಚಳವಳಿಗಾರರಿಗೆ ಇಪ್ಪತ್ತು ರೊಟ್ಟಿ ಸಾಲುತ್ತವೆಯೇ? ಊರಿಂದ ಬಂದಿದ್ದ ಸಿದ್ದಣ್ಣ ಸಾಲವು ಅನ್ನುತ್ತಿದ್ದರು, ಮಗಳು ದೀಕ್ಷಾ ಸಾಕು ಅನ್ನುತ್ತಿದ್ದಳು. ಕನ್ನಡ ಕಿವಿಗೆ ಬಿದ್ದೊಡನೆ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಕನ್ನಡಿಗ ರವಿಕಿರಣ, ಮಾತು ಕದ್ದು ಕೇಳಲೆಂದು, ಫೋನಿನಲ್ಲಿ ಮುಳುಗಿದವನಂತೆ ನಟಿಸತೊಡಗಿದ.

“ಸಾಕು ಅಪ್ಪಾ. ನೀವಿನ್ನ ಮನೀಗೆ ಹೋಗ್ರಿ.”

“ಬಂದರಿನ ಕಲ್ಲಿದ್ದಲು ಯಾರ್ಡಿನಾಗ ಹನ್ನೆರಡು ಮಂದಿ ಹೋಗಿ ಧರಣಿ ಕೂಡ್ತೀರಿ. ಹೊರಗ ಎಷ್ಟು ಮಂದಿ ಬಂದ್ರು ಅಂತ ಎಣಸಾವ್ರು ಯಾರು?”

“ವಾಟ್ಸಾಪ್ ಗ್ರೂಪ್ ಐತಲ್ಲ.”

“ಪೊಲೀಸ್ರು ಫೋನ್ ಕಸಗೊಂಡ್ರ?”

ಮಗಳು ಫೋನನ್ನು ಚೀಲದೊಳಗೆ ತುರುಕಿದಳು.

“ಇಪ್ಪತ್ತೆಂಟು ವರ್ಷ ಹೊರ ರಾಜ್ಯದ ಕಲ್ಲಿದ್ದಲು ಗಣಿ ಬಾಯಾಗ ಕುಂತು ಆಳಿಗೊಂದು ನಂಬರಿನ ಬಿಲ್ಲೆ ಕೊಟ್ಟಾಂವ ನಾನು. ಇಳಿಯೋ ಮುಂದ ಒಯ್ಯಬೇಕು, ಮ್ಯಾಲ ಬಂದು ವಾಪಸ್ ಕೊಡಬೇಕು. ಒಂದಿನ ಒಂದು ಬಿಲ್ಲೆ ಕಮ್ಮಿ ಬಂತು. ಅದಕ್ಕ ಆವತ್ತ ಹುಡುಕಾಕ ಇಳಿದ್ವಿ. ಒಳಗ ಸಿಕ್ಕೊಂಡಿದ್ದ ಆಸಾಮಿ ಬದುಕಿದ.”

“ಇಲ್ಲಿ ಬಿಲ್ಲೆ ಎಲ್ಲಿಂದ ತರೋಣ?”

“ಎಲ್ಲಾರೂ ಮನಿ ಕೀಲಿಕೈ ನನ್ನ ಕಡೆ ಕೊಟ್ಟು ಒಳಗ ಹೋಗ್ರಿ. ಅದನ್ನ ಇಸ್ಕೊಳ್ಳದ ಯಾರೂ ಮನೀಗೆ ಹೋಗಾಕ ಆಗೂದಿಲ್ಲ.”

“ಅಂದ್ರ ನೀವೂ ಚಳವಳಿಗೆ ಬರ್ತೀರೇನು?”

“ಇದ್ದಲು ಬ್ಯಾಡ ಅಂತ ಕೂಗಾಕ ಬರಂಗಿಲ್ಲ. ಅದರ ಅನ್ನ ಉಂಡಾಂವ ನಾನು. ಎಣಸಾಕ ಬರ್ತೀನಿ.”

ದೀಕ್ಷಾ ಚೀಲ ತಡಕಾಡಿ ತನ್ನ ಕೀಲಿಕೈ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು.

“ಒಂದು,” ಅಂದರು ಸಿದ್ದಣ್ಣ.

ಮೆಟ್ರೋ ಬಂತು. ಇಬ್ಬರೂ ಹತ್ತಿ ಹೋದರು.