ಮುಚ್ಚಳ ಹಾಕಿಟ್ಟ ಸೂಪು

ಆ ಕ್ರೇನಲ್ಲ ಶಾಹಿದ್, ಅದರಾಚೆದು, ಆ ನೀಲಿ ಕಂಟೇನರ್‌ಗಳ ಹಿಂದೆ, ಅಲ್ಲಿ ನಾನು ಫೋರ್‌ಮನ್ ಆಗಿದ್ದದ್ದು. ಆಗ ನಿನ್ನ ಈ ಬಾಲ್ಕನಿ ಎಲ್ಲಿತ್ತು, ಬಿಲ್ಡಿಂಗೇ ಇರ್ಲಿಲ್ಲ, ಬರೀ ಹೊಯ್ಗೆ. ದಮ್ಮಾಮ್ ಬಂದರಿನಲ್ಲಿ ಹಡಗಿನಿಂದ ಸಾಮಾನು ಇಳಿಸುವ ಕಂಪೆನಿ ನಮ್ಮದು. ಎಂಬತ್ತರ ನಂತರದ ಮಾತು, ನಿನ್ನಪ್ಪ ಉಳ್ಳಾಲದಲ್ಲಿ ತೊಟ್ಟಿಲಲ್ಲಿದ್ದ. ಅಲ್ಲ, ತೊಟ್ಟಿಲಲ್ಲ, ಓಡಾಡ್ತಿದ್ದ. ಇರ್ಲಿ. ಡ್ರೈವರನನ್ನು ಊಟಕ್ಕೆ ಬಿಟ್ಟದ್ದಕ್ಕೆ ಬಾಸ್ ಬೈದ ಅಂತ ಮುಖ ಸಣ್ಣ ಮಾಡಿ ಕೂತಿದ್ದೀಯಲ್ಲ, ಅದಕ್ಕೇ ಹೇಳ್ತಿದ್ದೇನೆ, ಕೇಳು. ಆಯಿಶಾ, ನೀನೂ ನಿನ್ನ ಗಂಡನ ಪಕ್ಕ ಕೂತ್ಕೋ, ಚಾಯ ಆಮೇಲೆ ತಂದ್ರಾಯ್ತು.

ಆ ವರ್ಷ ರಮ್ಜಾನ್ ಬಂದದ್ದು ಸುಡುಬೇಸಿಗೆಯಲ್ಲಿ. ಜರ್ಮನಿಯಿಂದ ಮರದ ಹಲಗೆ ತುಂಬಿದ ಒಂದು ಹಡಗು ಬಂತು, ಜೊತೆಗೆ ಅದರ ಧಣಿಯೇ ಬಂದಿದ್ದ, ಗೊತ್ತುಂಟಾ, ಕೆಂಪು ಮುಖದ ಮುದುಕ. ನಾವೆಲ್ಲ ಖವಾಜಾ ಅಂತಿದ್ದೆವು, ಬಿಳಿಯರಿಗೆಲ್ಲ ಇಲ್ಲಿ ಹಾಗೇ ಅಲ್ಲವಾ ಹೇಳುವುದು. ಅವನ ಇಂಗ್ಲಿಷೂ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥ ಆಗ್ತಿತ್ತು. ಹಡಗು ಬಂದ ದಿವಸವೇ ತನ್ನ ಕತೆ ಎಲ್ಲ ಹೇಳಿದ. ಬಾಲ್ಟಿಕ್ ಅಂತ ಒಂದು ಚಳಿ ಸಮುದ್ರ ಉಂಟಂತೆ, ಅದರ ದಡದಲ್ಲಿ ಅವನ ಊರು, ಅಜ್ಜನ ಕಾಲದಿಂದ ಹಡಗು, ಮರದ ವ್ಯಾಪಾರ. ಯುದ್ಧದಲ್ಲಿ ಹಡಗೆಲ್ಲ ಮುಳುಗಿ ಇವನು ಬೇರೆಯವರ ಹಡಗಿನಲ್ಲಿ ಹಲಗೆ ಹೊತ್ತನಂತೆ, ಹೊತ್ತು ಹೊತ್ತು ಪುನಃ ಒಂದು ಹಳೇ ಹಡಗು ಮಾಡಿಕೊಂಡನಂತೆ. "ನಮ್ಮಲ್ಲಿ ಚಳಿಗೆ ಸಮುದ್ರವೇ ಗಟ್ಟಿಯಾಗ್ತದೆ, ಹಡಗು ಅಲ್ಲೇ ಸಿಕ್ಕಿಬೀಳ್ತದೆ" ಅಂದ. ನಾನು, "ಅಯ್ಯೋ, ಆಗ ಎಂತ ಮಾಡ್ತೀರಿ?" "ಎಂತ ಮಾಡುವುದು? ಸೂಪು ಮಾಡಿ, ಕುಡಿದು, ಕಾಯುವುದು!" ಸಾಮಾನು ಇಳಿಸುವವರಿಗೆ ಧಣಿ ತನ್ನ ಕೈಯಾರೆ ಸೂಪು ಬಡಿಸುವುದು ಅವರ ಮನೆಯ ಪದ್ಧತಿಯಂತೆ.

ಮರುದಿವಸ ಮಧ್ಯಾಹ್ನ. ಹಡಗಿನ ಹೊಟ್ಟೆಯೊಳಗೆ ಸುತ್ತಲೂ ಕಬ್ಬಿಣ, ಮುಟ್ಟಿದ್ರೆ ಕೈ ಸುಡ್ತದೆ, ಹುಡುಗರೆಲ್ಲ ನೋಂಬು ಹಿಡಿದವರು, ಒಂದು ಹನಿ ನೀರಿಲ್ಲ. ಮಂಜೇಶ್ವರದ ಹಸನಬ್ಬ ಹಲಗೆ ಹಿಡಿದವನು ಹಾಗೇ ಕುಸಿದ. ನಾನು ಕಿರುಚಿದೆ, "ಸಾಕು! ಎಲ್ಲರೂ ಮೇಲೆ ಬನ್ನಿ! ಇನ್ನು ಬಿಸಿಲಿಳಿದು ಅಸರ್ ನಮಾಜು ಕಳೆದ ಮೇಲೆಯೇ ಕೆಲಸ." ಹಸನಬ್ಬನನ್ನು ನೆರಳಿಗೆ ತಂದು ಮುಖಕ್ಕೆ ನೀರು ಹಾಕಿ, ನೋಂಬು ಬಿಡಿಸಿ ಕುಡಿಸಿದೆವು. ಓಡಿ ಬಂದ ನಮ್ಮ ಮ್ಯಾನೇಜರ್, "ಯಾರನ್ನು ಕೇಳಿ ನಿಲ್ಲಿಸಿದ್ದು? ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡಿಸಿ ಊರಿಗೆ ಅಟ್ಟುತ್ತೇನೆ!" ಊರಲ್ಲಿ ನನ್ನ ಸಂಬಳವೊಂದನ್ನೇ ನಂಬಿದ ಮನೆ, ತಂಗಿಯ ಮದುವೆ ಬೇರೆ ಗೊತ್ತಾಗಿತ್ತು. ಹೆದರಿಕೆ ಆಗ್ಲಿಲ್ಲವಾ ಅಂದ್ರೆ, ಆಯ್ತು ಮಾರಾಯ. ಆದ್ರೂ "ಅಟ್ಟಿ. ಹೆಣ ಹೊರುವ ಕೆಲಸ ನನ್ನಿಂದಾಗುದಿಲ್ಲ" ಅಂದೆ.

ಸರಿಯಾಗಿ ಆಗಲೇ ಖವಾಜಾ ಒಂದು ದೊಡ್ಡ ಪಾತ್ರೆ ಇಡಿಸಿ, ಸೌಟು ಹಿಡಿದು ಡೆಕ್ಕಿನಲ್ಲಿ ನಿಂತಿದ್ದಾನೆ! ಬನ್ನಿ ಬನ್ನಿ ಅಂತ ಕರೀತಾನೆ, ನೋಂಬಿನ ವಿಷಯ ಪಾಪ ಅವನಿಗೆಂತ ಗೊತ್ತು, ಹುಡುಗರು ಮುಖ ತಿರುಗಿಸಿದರು. ಮುದುಕನ ಕೆಂಪು ಮುಖ ಇನ್ನೂ ಕೆಂಪು. "ನನ್ನಜ್ಜನ ಕಾಲದಿಂದ ಈ ಸೂಪು ಬೇಡ ಅಂದವರಿಲ್ಲ! ಕೆಲಸವೂ ಇಲ್ಲ, ಸೂಪೂ ಬೇಡ!" ಮ್ಯಾನೇಜರ್ ನನ್ನ ಕಡೆ ಬೆರಳು ತೋರಿಸಿ, "ಇವನೇ ಸರ್, ಎಲ್ಲ ಇವನದ್ದೇ." ನಾನು ಹೇಳಿದೆ, ಇದು ನಮ್ಮ ಉಪವಾಸ, ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. ಅವನು, "ಹಾಗಾದ್ರೆ ನನ್ನ ಹಡಗು ಕಾಯಬೇಕಾ?" ನನಗೂ ಸಿಟ್ಟು ನೆತ್ತಿಗೇರಿತ್ತು. "ನಿಮ್ಮಲ್ಲಿ ಸಮುದ್ರ ಗಟ್ಟಿಯಾದಾಗ ಯಾರಿಗೆ ಬೈತೀರಿ ಖವಾಜಾ? ಅಲ್ಲಿ ಚಳಿ, ಇಲ್ಲಿ ಬಿಸಿಲು. ಸೂಪಿಗೆ ಮುಚ್ಚಳ ಹಾಕಿ, ಕಾಯಿರಿ!"

ಮುದುಕ ನನ್ನನ್ನೇ ನೋಡಿದ. ಮ್ಯಾನೇಜರನ್ನು ನೋಡಿದ. ಮತ್ತೆ ಮುಚ್ಚಳ ತಕೊಂಡು ಡಬ್ಬಂತ ಹಾಕಿ ಅದರ ಪಕ್ಕದಲ್ಲೇ ಕುರ್ಚಿ ಇಟ್ಟು ಕೂತ! ಅಸರ್ ಆದ ಮೇಲೆ ನಾವು ಕೆಲಸಕ್ಕೆ ಇಳಿದೆವು. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಯ್ತು, ಖರ್ಜೂರ ಬಾಯಿಗೆ ಹಾಕಿದೆವು, ಬರೀ ಬಟಾಣಿ, ಮಾಂಸ ಇಲ್ಲ ಅಂತ ಹಡಗಿನ ಅಡುಗೆಯವನ ಬಾಯಿಂದಲೇ ಕೇಳಿ ಆಮೇಲೆ ಸೂಪು ಕುಡಿದೆವು. ಮೊದಲ ಬಟ್ಟಲು ಹಸನಬ್ಬನಿಗೆ, ಧಣಿಯ ಕೈಯಿಂದಲೇ. ಸತ್ಯ ಹೇಳ್ತೇನೆ, ಉಪ್ಪು ಹುಳಿ ಒಂದೂ ಇರ್ಲಿಲ್ಲ, ಆದ್ರೂ ನನಗೆ ಕಣ್ಣಲ್ಲಿ ನೀರು ಬಂತು.

ಮ್ಯಾನೇಜರ್ ಬಿಟ್ಟನಾ? ಎಲ್ಲಿ ಬಿಡ್ತಾನೆ! ಹಡಗಿನ ಧಣಿಯೇ ಕಾದ ಮೇಲೆ ಊರಿಗೆ ಅಟ್ಟಲಿಕ್ಕೆ ಆಗ್ಲಿಲ್ಲ, ಅದಕ್ಕೆ ನನ್ನನ್ನು ಹಫ್ರ್ ಅಲ್ ಬಾತಿನ್‌ಗೆ ಎತ್ತಿ ಹಾಕಿದ, ಮರುಭೂಮಿ ನಡುವೆ ಕಂಪೆನಿಯ ಸಿಮೆಂಟ್ ಗೋದಾಮಿಗೆ. ಹೋದೆ. ಮರುವರ್ಷ ರಮ್ಜಾನ್ ಬಂತು, ಅಲ್ಲೂ ಮಧ್ಯಾಹ್ನ ಕೆಲಸ ನಿಲ್ಲಿಸಿದೆ. ಎಂತ ಮಾಡ್ತಾನೆ? ಅದಕ್ಕಿಂತ ದೂರದ ಗೋದಾಮು ಕಂಪೆನಿಗೆ ಇರ್ಲೇ ಇಲ್ಲ! ನಾಳೆಯೂ ನಿನ್ನ ಡ್ರೈವರನನ್ನು ಊಟಕ್ಕೆ ಬಿಡು ಶಾಹಿದ್. ಹೆಚ್ಚೆಂದ್ರೆ ನಿನ್ನ ಊರು ಬದಲಾದೀತು. ಹೋಗು ಆಯಿಶಾ, ಈಗ ತಾ ಚಾಯ.